ಓಡಿಸಿದವರು ಯಾರು?

ಮೊದಲು ನಮ್ಮ ತಪ್ಪನ್ನು ಒಪ್ಪಿಕೊಂಡೇ ಶುರು ಮಾಡುತ್ತೇವೆ. ಈ ವರ್ಷದ ಕನ್ನಡ ಹಬ್ಬಕ್ಕೆ ನಮ್ಮ ಸಂಘ ಒಂದು ಚಿತ್ರ ಸ್ಪರ್ಧೆ ಇಟ್ಟಿತ್ತು. ವಿಷಯ: 'ಹಳೆಯ ರೇಸ್ ಕಾರುಗಳು'. ಮೆಕ್ಯಾನಿಕಲ್ ವಿಭಾಗದವರ ಒತ್ತಾಯ ಅದು. ಪ್ರತಿ ವರ್ಷ ಯಕ್ಷಗಾನದ ಕಿರೀಟ, ಹಂಚಿನ ಮನೆ, ಕಡಲ ತೀರ ಅಂತ ಬರೆದು ಬರೆದು ಎಲ್ಲರಿಗೂ ಸಾಕಾಗಿತ್ತು. ಹೊಸತು ಏನಾದರೂ ಇರಲಿ ಅಂತ ನಾವೂ ಒಪ್ಪಿದೆವು. ಚಿತ್ರಗಳೂ ಚೆನ್ನಾಗಿಯೇ ಬಂದವು. ನೀಲಿ ಬುಗಾಟಿ, ಹಸಿರು ಬೆಂಟ್ಲಿ, ಬೆಳ್ಳಿ ಬಣ್ಣದ ಮರ್ಸಿಡಿಸ್. ಒಂದಕ್ಕಿಂತ ಒಂದು ಚೆಂದ.

ಅವುಗಳ ನಡುವೆ ಒಂದು ಬಸ್ಸು ಬಂದಿತ್ತು. ಮೂತಿ ಇರುವ ಹಳೆ ಟಾಟಾ ಬಸ್ಸು. ಕಿಟಕಿಯಲ್ಲಿ ಒಬ್ಬ ಡ್ರೈವರ್, ಖಾಕಿ ಅಂಗಿ, ಭುಜದ ಮೇಲೆ ಬೈರಾಸು. ಬಸ್ಸಿಗಿಂತ ಅವನೇ ದೊಡ್ಡದಾಗಿ ಕಾಣುತ್ತಿದ್ದ. ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಸೇರಿದ, ಪೊಳಲಿಯಿಂದ ದಿನಾ ಬಸ್ಸಲ್ಲಿ ಬರುವ ಹುಡುಗಿಯೊಬ್ಬಳ ಚಿತ್ರ. ನಾವು ಮೂರು ಜನ ಕೂತು ಅದನ್ನು ಮೊದಲ ಸುತ್ತಿನಲ್ಲೇ ಬದಿಗಿಟ್ಟೆವು. ಹಿಂದೆ 'ವಿಷಯಕ್ಕೆ ಹೊಂದುವುದಿಲ್ಲ' ಅಂತ ಬರೆದೂ ಆಯಿತು. ಬಹುಮಾನ ನೀಲಿ ಬುಗಾಟಿಗೆ ಹೋಯಿತು.

ಮರುದಿನ ಚಿತ್ರ ವಾಪಸು ತೆಗೆದುಕೊಳ್ಳಲು ಬಂದವಳು ಜಗಳ ಏನೂ ಮಾಡಲಿಲ್ಲ. ಗೋಡೆಯ ಮೇಲಿದ್ದ ಬಹುಮಾನದ ಚಿತ್ರವನ್ನು ಸ್ವಲ್ಪ ಹೊತ್ತು ನೋಡಿ, "ಚೆಂದ ಉಂಟು. ಆದ್ರೆ ಇದನ್ನು ಓಡಿಸುವವರು ಎಲ್ಲಿ? ಕಾರು ತನ್ನಷ್ಟಕ್ಕೇ ಹೋಗ್ತದಾ?" ಅಂತ ಕೇಳಿ ಹೋದಳು.

ಆಮೇಲೆ ನಾವು ಎಲ್ಲ ಚಿತ್ರಗಳನ್ನೂ ಮತ್ತೊಮ್ಮೆ ನೆಲದ ಮೇಲೆ ಹರಡಿ ನೋಡಿದೆವು. ಅವಳ ಬಸ್ಸೊಂದನ್ನು ಬಿಟ್ಟರೆ ಒಂದರಲ್ಲೂ ಮನುಷ್ಯ ಇರಲಿಲ್ಲ! ಎಲ್ಲ ಕಾರುಗಳೂ ಬಿಳಿ ಹಿನ್ನೆಲೆಯಲ್ಲಿ ಸುಮ್ಮನೆ ನಿಂತಿದ್ದವು. ಟಯರಿಗೆ ಧೂಳಿಲ್ಲ, ಸೀಟಿನಲ್ಲಿ ಜನ ಇಲ್ಲ. ರೇಸ್ ಅಂತ ವಿಷಯ ಕೊಟ್ಟದ್ದು, ಬಂದದ್ದು ಪಾರ್ಕಿಂಗ್.

ಹೀಗೇಕಾಯಿತು ಅಂತ ಯೋಚಿಸಿದರೆ ಕಾರಣ ದೂರದ್ದಲ್ಲ. ನಾವೆಲ್ಲ ಮೊಬೈಲಿನಲ್ಲಿ ಹುಡುಕಿದ ಫೋಟೊ ನೋಡಿ ಬಿಡಿಸಿದ್ದೇವೆ. ಹಳೆ ರೇಸ್ ಕಾರುಗಳ ಒಳ್ಳೆ ಫೋಟೊಗಳಲ್ಲಿ ಬಹುಪಾಲು ಹರಾಜಿನವರು ಅಥವಾ ಮ್ಯೂಸಿಯಂನವರು ತೆಗೆಸಿದವು. ಮಾರುವವನಿಗೆ ಖಾಲಿ ಸೀಟೇ ಬೇಕು. ಕೊಳ್ಳುವವ ಅಲ್ಲಿ ತನ್ನನ್ನು ಕಲ್ಪಿಸಿಕೊಳ್ಳಬೇಕಲ್ಲ. ಚಿತ್ರಕಾರನಿಗೂ ಖಾಲಿ ಸೀಟೇ ಬೇಕಾ? ನಮ್ಮ ಪ್ರಶ್ನೆ ಇದು. ಬೇಡ ಅನ್ನುವುದು ನಮ್ಮ ಅಭಿಪ್ರಾಯ. ಕಾರಣಗಳನ್ನು ಕೆಳಗೆ ಹೇಳುತ್ತೇವೆ.

ಈ ಕಾರುಗಳು ಓಡುತ್ತಿದ್ದ ಕಾಲದಲ್ಲಿ ಅವುಗಳನ್ನು ಬಿಡಿಸಿದವರನ್ನು ನೋಡಿ. ಇಂಗ್ಲೆಂಡಿನ 'ದಿ ಆಟೋಕಾರ್' ಪತ್ರಿಕೆಗೆ ಫ್ರೆಡರಿಕ್ ಗಾರ್ಡನ್ ಕ್ರಾಸ್ಬಿ ವರ್ಷಗಟ್ಟಲೆ ರೇಸ್ ಚಿತ್ರ ಬರೆದ. ಜಾಗ್ವಾರ್ ಕಾರಿನ ಮೂತಿಯ ಮೇಲೆ ಹಾರುವ ಚಿರತೆಯಂಥ ಗೊಂಬೆ ಇರುತ್ತಿತ್ತಲ್ಲ, ಅದರ ಹಿಂದೆಯೂ ಅವನ ಕೈಯಿದೆ. ಫ್ರಾನ್ಸಿನ ಜಿಯೋ ಹಾಮ್ 1930ರ ದಶಕದಲ್ಲಿ ಮೊನಾಕೊ ಗ್ರ್ಯಾನ್ ಪ್ರೀ ಪೋಸ್ಟರುಗಳನ್ನು ಮಾಡಿದ. ಅಮೆರಿಕದ ಪೀಟರ್ ಹೆಲ್ಕ್ ಚಿಕ್ಕವನಿದ್ದಾಗ ನೋಡಿದ ರೇಸುಗಳನ್ನು ಮುದುಕನಾಗುವ ತನಕ ಬಿಡಿಸಿದ. ಇವರ ಕಾರುಗಳಲ್ಲಿ ಜನ ಇದ್ದಾರೆ. ಸ್ಟಿಯರಿಂಗಿಗೆ ಬಾಗಿದ ಬೆನ್ನು, ಗಾಳಿಗೆ ಒತ್ತಿದ ಕೆನ್ನೆ, ಕನ್ನಡಕದ ಸುತ್ತ ಎಣ್ಣೆ ಮಸಿ. ಕಾರಿನ ವೇಗ ಗೊತ್ತಾಗುವುದೇ ಆ ಮೈಯಿಂದ.

ಹಳೆಯ ರೇಸ್ ಕಾರು ಅಂದರೇನೇ ಓಡಿಸುವವನು ಕಾಣುವ ಕಾರು. ಆಗ ತಲೆಗೆ ಬಟ್ಟೆಯದೋ ಚರ್ಮದ್ದೋ ಟೋಪಿ ಮಾತ್ರ. ಫಾರ್ಮುಲಾ ಒನ್‌ನಲ್ಲಿ ಹೆಲ್ಮೆಟ್ ಕಡ್ಡಾಯವಾದದ್ದು 1952ರಲ್ಲಿ. ಇಡೀ ಮುಖ ಮುಚ್ಚುವ ಹೆಲ್ಮೆಟ್ 1968ರಲ್ಲಿ ಬಂತು. 2018ರಿಂದ ತಲೆಯ ಸುತ್ತ 'ಹೇಲೊ' ಅನ್ನುವ ಟೈಟಾನಿಯಂ ಬಳೆಯೂ ಬಂದಿದೆ. ಅದು ಜೀವ ಉಳಿಸಿದೆ, ಅದರ ಬಗ್ಗೆ ನಮ್ಮ ತಕರಾರಿಲ್ಲ. ಆದರೆ ಈಗಿನ ಚಾಲಕನನ್ನು ಹೆಲ್ಮೆಟಿನ ಬಣ್ಣದಿಂದಲೇ ಗುರುತಿಸಬೇಕು. ಫಾಂಜಿಯೊನನ್ನು ಹಾಗೆ ಹುಡುಕಬೇಕಾಗಿರಲಿಲ್ಲ. ತೋಳು ಗಿಡ್ಡ ಅಂಗಿ ಹಾಕಿ ಕೂತವನ ಮೊಣಕೈ, ಮುಖ ಎಲ್ಲ ಕಾಣುತ್ತಿತ್ತು. ಅಂಥ ಕಾರಿನಿಂದ ಮನುಷ್ಯನನ್ನು ತೆಗೆದರೆ ಹಳತನದಲ್ಲಿ ಅರ್ಧವನ್ನೇ ತೆಗೆದ ಹಾಗೆ.

ಓಡುವುದನ್ನು ಬಿಡಿಸುವುದು ಹೇಗೆ ಅನ್ನುವ ಪ್ರಶ್ನೆ ಇಂಜಿನಿಯರಿಂಗ್ ಓದುವವರಿಗೆ ಇನ್ನೂ ರುಚಿ. ಮೊದಲ ವರ್ಷದ ಡ್ರಾಯಿಂಗ್ ಕ್ಲಾಸಿನಲ್ಲಿ ಐಸೊಮೆಟ್ರಿಕ್‌ನಲ್ಲಿ ವೃತ್ತ ದೀರ್ಘವೃತ್ತ ಆಗುತ್ತದೆ ಅಂತ ನಾಲ್ಕು ಕೇಂದ್ರ ಹಿಡಿದು ಬಿಡಿಸಿದ್ದು ನೆನಪಿದೆಯಾ? ಈಗ ಲಾರ್ಟೀಗ್‌ನ ಫೋಟೊ ನೋಡಿ. ಫ್ರಾನ್ಸಿನ ಈ ಹುಡುಗ 1912-13ರ ಹೊತ್ತಿಗೆ, ಇನ್ನೂ ಇಪ್ಪತ್ತು ತುಂಬುವ ಮೊದಲು, ಗ್ರ್ಯಾನ್ ಪ್ರೀಯಲ್ಲಿ ಓಡುವ ಕಾರಿನ ಫೋಟೊ ತೆಗೆದ. ಅದರಲ್ಲಿ ಚಕ್ರ ಮೊಟ್ಟೆಯಾಕಾರವಾಗಿ ಮುಂದಕ್ಕೆ ವಾಲಿದೆ, ರಸ್ತೆ ಬದಿಯ ಜನ ಹಿಂದಕ್ಕೆ ವಾಲಿದ್ದಾರೆ. ಅವನ ಕ್ಯಾಮೆರಾದ ಶಟರ್ ಅಂದರೆ ಮೇಲೆ ಕೆಳಗೆ ಜಾರುವ ಒಂದು ಸೀಳು. ಅದು ಜಾರಿ ಮುಗಿಯುವಷ್ಟರಲ್ಲಿ ಕಾರು ಮುಂದೆ ಹೋಗಿತ್ತು. ಕ್ಯಾಮೆರಾವನ್ನು ಕಾರಿನ ಜೊತೆ ತಿರುಗಿಸುತ್ತಿದ್ದ ಕಾರಣ ನಿಂತ ಜನ ಉಲ್ಟಾ ಕಡೆಗೆ ವಾಲಿದರು. ತಾಂತ್ರಿಕವಾಗಿ ನೋಡಿದರೆ ಅದು ತಪ್ಪು ಫೋಟೊ. ನೋಡಿದವರಿಗೆ ಮಾತ್ರ ವೇಗ ಅಂದರೆ ಇದೇ ಅನ್ನಿಸಿತು. ಇವತ್ತಿಗೂ ಕಾರ್ಟೂನಿನಲ್ಲಿ ಓಡುವ ಕಾರಿನ ಚಕ್ರವನ್ನು ಮುಂದಕ್ಕೆ ಬಾಗಿಸಿಯೇ ಬಿಡಿಸುತ್ತಾರೆ. ಆ ಫೋಟೊದಲ್ಲಿಯೂ ಕಾರಿನ ಮೇಲೆ ಇಬ್ಬರು ಕೂತಿದ್ದಾರೆ ಅನ್ನುವುದನ್ನು ಮರೆಯಬೇಡಿ.

ಹೌದು, ಇಬ್ಬರು. ಆರಂಭದ ರೇಸುಗಳಲ್ಲಿ ಚಾಲಕನ ಪಕ್ಕ ಒಬ್ಬ ಮೆಕ್ಯಾನಿಕ್ ಕೂರುತ್ತಿದ್ದ. ಎಣ್ಣೆಯ ಒತ್ತಡ ನೋಡುವುದು, ಕೈಪಂಪು ಒತ್ತುವುದು, ಹಿಂದೆ ಯಾರು ಬರುತ್ತಿದ್ದಾರೆ ಅಂತ ಕೂಗಿ ಹೇಳುವುದು, ಟಯರು ಒಡೆದರೆ ಇಳಿದು ಬದಲಿಸುವುದು. ನಮ್ಮ ಊರಿನ ಭಾಷೆಯಲ್ಲಿ ಹೇಳುವುದಾದರೆ ಕ್ಲೀನರ್! 1911ರ ಮೊದಲ ಇಂಡಿಯಾನಾಪೊಲಿಸ್ 500 ರೇಸನ್ನು ಗೆದ್ದ ರೇ ಹ್ಯಾರೂನ್ ಒಬ್ಬನೇ ಕೂತಿದ್ದ. ಹಿಂದೆ ನೋಡಲು ಜನ ಇಲ್ಲವಾದ್ದರಿಂದ ಕಾರಿಗೆ ಕನ್ನಡಿ ಹಾಕಿಸಿಕೊಂಡ. 1955ರಲ್ಲಿ ಇಟಲಿಯ ಮಿಲ್ಲೆ ಮಿಲಿಯಾದಲ್ಲಿ 722 ನಂಬರಿನ ಮರ್ಸಿಡಿಸ್ ಸುಮಾರು 1,600 ಕಿ.ಮೀ. ರಸ್ತೆಯನ್ನು 10 ಗಂಟೆ 7 ನಿಮಿಷ 48 ಸೆಕೆಂಡಿನಲ್ಲಿ ಮುಗಿಸಿತು. ಓಡಿಸಿದ್ದು ಸ್ಟರ್ಲಿಂಗ್ ಮಾಸ್. ಪಕ್ಕದಲ್ಲಿ ಪತ್ರಕರ್ತ ಡೆನಿಸ್ ಜೆಂಕಿನ್ಸನ್, ತಿರುವುಗಳನ್ನೆಲ್ಲ ಬರೆದ ಉದ್ದದ ಕಾಗದದ ಸುರುಳಿ ಬಿಚ್ಚುತ್ತಾ ಕೈಸನ್ನೆ ಮಾಡುತ್ತಿದ್ದ. ಆ ಕಾರನ್ನು ಒಬ್ಬನನ್ನೇ ಕೂರಿಸಿ ಬಿಡಿಸಿದರೆ ಚಿತ್ರ ಸುಳ್ಳಾಗುತ್ತದೆ. ಇವತ್ತಿನ ರ್‍ಯಾಲಿಗಳಲ್ಲೂ ಹಾಗೆಯೇ. ನಮ್ಮ ಕಾಸರಗೋಡಿನ ಮೂಸಾ ಶರೀಫ್ ಹೆಸರು ಮಾಡಿದ್ದು ಸ್ಟಿಯರಿಂಗ್ ಹಿಡಿದಲ್ಲ, ಪಕ್ಕದ ಸೀಟಿನಲ್ಲಿ ದಾರಿ ಹೇಳಿ.

ಇನ್ನು ನಾವು ಬಹುಮಾನ ಕೊಟ್ಟ ನೀಲಿ ಬುಗಾಟಿಗೆ ಬರೋಣ. ಅದು 1924ರಲ್ಲಿ ಬಂದ ಟೈಪ್ 35. ಕುದುರೆ ಲಾಳದ ಆಕಾರದ ರೇಡಿಯೇಟರ್, ಎಂಟು ಪಟ್ಟಿಯ ಅಲ್ಯೂಮಿನಿಯಂ ಚಕ್ರ, ಬ್ರೇಕ್ ಡ್ರಮ್ಮೂ ಚಕ್ರವೂ ಒಂದೇ ಎರಕ. ನೀಲಿ ಯಾಕೆ ಅಂದರೆ ಆಗ ಬಣ್ಣ ದೇಶದ್ದು: ಫ್ರಾನ್ಸ್‌ಗೆ ನೀಲಿ, ಬ್ರಿಟನ್‌ಗೆ ಹಸಿರು, ಇಟಲಿಗೆ ಕೆಂಪು. ಇಷ್ಟೆಲ್ಲ ಬಿಡಿಸಿದ ನಮ್ಮ ಗೆಳೆಯನಿಗೂ, ಬಹುಮಾನ ಕೊಟ್ಟ ನಮಗೂ, ಅದೇ ಮಾದರಿಯ ಕಾರನ್ನು ಓಡಿಸಿದ ಒಬ್ಬ ಹೆಣ್ಣುಮಗಳ ಹೆಸರು ಗೊತ್ತಿರಲಿಲ್ಲ.

ಎಲ್ಲೆ ನೀಸ್. ಹುಟ್ಟಿದ್ದು 1900ರಲ್ಲಿ, ಫ್ರಾನ್ಸಿನ ಹಳ್ಳಿಯಲ್ಲಿ. ಪ್ಯಾರಿಸಿನಲ್ಲಿ ನರ್ತಕಿಯಾಗಿದ್ದವಳು. 1929ರ ಡಿಸೆಂಬರಿನಲ್ಲಿ ಮೋಂಲೇರಿ ಟ್ರ್ಯಾಕಿನಲ್ಲಿ ಬುಗಾಟಿ 35ನ್ನು ಗಂಟೆಗೆ 190 ಕಿ.ಮೀ.ಗಿಂತ ಹೆಚ್ಚು ಸರಾಸರಿಯಲ್ಲಿ ಓಡಿಸಿ ಮಹಿಳೆಯರ ದಾಖಲೆ ಮಾಡಿದಳು. 1936ರಲ್ಲಿ ಬ್ರೆಜಿಲ್‌ನ ಸಾವೊ ಪಾಲೊದಲ್ಲಿ ಭಯಂಕರ ಅಪಘಾತವಾಗಿ ಬದುಕಿ ಉಳಿದಳು. ಯುದ್ಧ ಮುಗಿದ ಮೇಲೆ, 1949ರಲ್ಲಿ, ಇನ್ನೊಬ್ಬ ಹೆಸರಾಂತ ಚಾಲಕ ಲೂಯಿ ಶಿರೋನ್ ಅವಳನ್ನು ಜರ್ಮನರ ಏಜೆಂಟ್ ಅಂತ ಎಲ್ಲರೆದುರು ಜರೆದ. ಪುರಾವೆ ಏನೂ ಹೊರಗೆ ಬರಲಿಲ್ಲ. ಆದರೂ ಅಲ್ಲಿಗೆ ಅವಳ ಓಟ ಮುಗಿಯಿತು. 1984ರಲ್ಲಿ ನೀಸ್ ಪಟ್ಟಣದಲ್ಲಿ ಕಡುಬಡತನದಲ್ಲಿ ತೀರಿಕೊಂಡಳು. ಅವಳು ಓಡಿಸಿದಂಥ ಕಾರುಗಳು ಇವತ್ತು ಕೋಟಿಗಟ್ಟಲೆಗೆ ಹರಾಜಾಗುತ್ತವೆ. ಅವಳ ಸಮಾಧಿಗೆ ಹೆಸರಿನ ಫಲಕ ಬಂದದ್ದು 2010ರಲ್ಲಿ. ಖಾಲಿ ಸೀಟು ಅಂದರೆ ಇದು. ಕಾರನ್ನು ಉಜ್ಜಿ ಉಜ್ಜಿ ಹೊಳೆಯಿಸುವ ನಾವೇ ಅದರಲ್ಲಿ ಕೂತಿದ್ದವರನ್ನು ಒರೆಸಿಯೂ ಹಾಕುತ್ತೇವೆ.

ಇದೆಲ್ಲ ಫ್ರಾನ್ಸಿನ ಕಥೆ, ನಮಗೆಂತ ಅಂತ ಕೇಳಬಹುದು. ಅದಕ್ಕೇ ಪೊಳಲಿಗೆ ಹೋದೆವು.

ಜಾತ್ರೆಯ ಸಮಯ. ಪೊಳಲಿ ರಾಜರಾಜೇಶ್ವರಿಯ ಜಾತ್ರೆ ಗೊತ್ತಲ್ಲ, ಒಂದು ತಿಂಗಳು ನಡೆಯುವುದು, ಕೊನೆಗೆ ಐದು ದಿನ ಚೆಂಡು. ಅವತ್ತು ಗದ್ದೆಯಲ್ಲಿ ಚೆಂಡಿನ ಗಲಾಟೆ ಮುಗಿದ ಮೇಲೆ ಕ್ಷಮೆ ಕೇಳುವ ನೆಪದಲ್ಲಿ ಅವಳ ಮನೆಗೆ ಹೋದೆವು. ಚಿತ್ರದಲ್ಲಿದ್ದವರು ಅವಳ ಅಜ್ಜ. ಎಂಬತ್ತು ದಾಟಿದ್ದಾರೆ. ಅರುವತ್ತರ ದಶಕದಲ್ಲಿ ಕ್ಲೀನರ್ ಆಗಿ ಸೇರಿ, ಆಮೇಲೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಬಸ್ಸು, ಲಾರಿ ಓಡಿಸಿದವರು. ಕೈಕಂಬ, ಪೊಳಲಿ, ಬಿ.ಸಿ.ರೋಡ್, ಕೆಲವು ವರ್ಷ ಬೆಳ್ತಂಗಡಿ ಮೇಲಿಂದ ಚಾರ್ಮಾಡಿ ಘಾಟಿ. ಮಾತೆಲ್ಲ ತುಳುವಿನಲ್ಲಿ. ನಾವು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇವೆ.

ಮೊಮ್ಮಗಳ ಚಿತ್ರವನ್ನು ಅವರು ಅವತ್ತೇ ಮೊದಲು ನೋಡಿದ್ದು. ಕನ್ನಡಕ ಹಾಕಿ ತುಂಬಾ ಹೊತ್ತು ನೋಡಿದರು. ಖುಷಿಯಾಗಬಹುದು ಅಂದುಕೊಂಡರೆ, ತಪ್ಪು ಹುಡುಕಲಿಕ್ಕೆ ಶುರು ಮಾಡಿದರು!

"ಕೈ ಹೀಗೆ ಇರ್ಲಿಲ್ಲ ಮಗಾ. ಹೀಗೆ ಮೇಲೆ ಹಿಡಿದ್ರೆ ತಿರುವಿನಲ್ಲಿ ಬಸ್ಸು ನಮ್ಮನ್ನು ತಿರುಗಿಸ್ತದೆ. ಆಗ ಪವರ್ ಸ್ಟಿಯರಿಂಗ್ ಎಲ್ಲಿತ್ತು? ಭುಜ ಹಾಕಿ ಎಳೀಬೇಕು." ಎದ್ದು ನಿಂತು ಖಾಲಿ ಗಾಳಿಯಲ್ಲಿ ಸ್ಟಿಯರಿಂಗ್ ಎಳೆದು ತೋರಿಸಿದರು. ಎಡಗೈ ಗೇರಿಗೆ ಹೋದಾಗ ಎಡಗಾಲು ಎರಡು ಸಲ ನೆಲ ಒತ್ತಿತು. ಡಬಲ್ ಕ್ಲಚ್. ಸಿಂಕ್ರೊಮೆಷ್ ಇಲ್ಲದ ಗೇರ್‌ಬಾಕ್ಸಿನಲ್ಲಿ ಗೇರ್ ಇಳಿಸಬೇಕಾದರೆ ಒಮ್ಮೆ ಕ್ಲಚ್ ಒತ್ತಿ ನ್ಯೂಟ್ರಲ್ಲಿಗೆ ತಂದು, ಬಿಟ್ಟು, ಆಕ್ಸಿಲರೇಟರ್ ಕೊಟ್ಟು ಎರಡರ ವೇಗ ಹೊಂದಿಸಿ, ಮತ್ತೆ ಒತ್ತಿ ಗೇರ್ ಹಾಕಬೇಕು. ಇದನ್ನು ನಾವು ಐದು ಅಂಕದ ಪ್ರಶ್ನೆಗೆ ಬಾಯಿಪಾಠ ಮಾಡಿದ್ದೇವೆ. ಅಜ್ಜನ ಕಾಲು ಅದನ್ನು ಇನ್ನೂ ಮರೆತಿಲ್ಲ. "ಘಾಟಿ ಇಳಿಯುವಾಗ ಗೇರ್ ಬೀಳದಿದ್ರೆ ಆಯ್ತು, ಆಮೇಲೆ ದೇವರೇ ಗತಿ," ಅಂತ ನಕ್ಕರು.

ರೇಸ್ ಮಾಡ್ತಿದ್ರಾ ಅಜ್ಜ ಅಂತ ನಮ್ಮಲ್ಲೊಬ್ಬ ಕೇಳಿದ. ಖಾಸಗಿ ಬಸ್ಸುಗಳ ಪೈಪೋಟಿ ಇಲ್ಲಿ ಯಾರಿಗೆ ಗೊತ್ತಿಲ್ಲ! ಅವರು ಸ್ವಲ್ಪ ಸುಮ್ಮನಿದ್ದು, "ಮಾಡಿದ್ದುಂಟು. ಪ್ರಾಯದಲ್ಲಿ. ಎರಡು ನಿಮಿಷ ಮುಂದೆ ಹೋದ್ರೆ ಎದುರಿನವನ ಕಲೆಕ್ಷನ್ ನಮ್ಗೆ. ಆದ್ರೆ ಅವನ ಮನೇಲೂ ಮಕ್ಕಳಿದ್ವಲ್ಲ," ಅಂದರು. ನಮ್ಮ ನೀಲಿ ಬುಗಾಟಿಯ ಚಿತ್ರದಲ್ಲಿ ಈ ಮಾತಿಗೆ ಜಾಗವೇ ಇರಲಿಲ್ಲ.

ಹಾಗೆ ನೋಡಿದರೆ ಓಡಿಸಿದವರ ಹೆಸರು ಹೇಳುವ ಪದ್ಧತಿ ನಮ್ಮ ಜಿಲ್ಲೆಗೆ ಹೊಸದಲ್ಲ. ಕಂಬಳದ ಫಲಿತಾಂಶ ಓದಿ. ಇಂಥ ಮನೆಯ ಇಂಥವರ ಕೋಣಗಳು ಪ್ರಥಮ ಅಂತ ಯಜಮಾನರ ಹೆಸರು ಬಂದ ಕೂಡಲೇ ಮುಂದಿನ ಸಾಲು ಬರುತ್ತದೆ: 'ಓಡಿಸಿದವರು' ಇಂಥವರು. ಕನೆಹಲಗೆ ವಿಭಾಗವಾದರೆ 'ಹಲಗೆ ಮುಟ್ಟಿದವರು' ಇಂಥವರು. ಮೂಡುಬಿದಿರೆಯ ಕಡಲಕೆರೆಯಲ್ಲಿ ನಡೆಯುವ ಕೋಟಿ-ಚೆನ್ನಯ ಜೋಡುಕರೆ ಕಂಬಳಕ್ಕೆ ಹೋದವರು ಈ ಮಾತನ್ನು ಮೈಕಿನಲ್ಲಿ ರಾತ್ರಿಯಿಡೀ ಕೇಳಿರುತ್ತೀರಿ. ಯಜಮಾನ, ಕೋಣ, ಓಟಗಾರ: ಮೂರೂ ಸೇರಿದರೆ ಮಾತ್ರ ಫಲಿತಾಂಶ ಪೂರ್ತಿ.

2020ರ ಫೆಬ್ರವರಿ 1ರಂದು ಐಕಳ ಕಂಬಳದಲ್ಲಿ ಮೂಡುಬಿದಿರೆ ಅಶ್ವತ್ಥಪುರದ ಶ್ರೀನಿವಾಸ ಗೌಡರು 142.50 ಮೀಟರ್ ಕರೆಯನ್ನು 13.62 ಸೆಕೆಂಡಿನಲ್ಲಿ ಓಡಿದಾಗ ಏನಾಯಿತು ನೆನಪಿಸಿಕೊಳ್ಳಿ. ಯಾರೋ ಲೆಕ್ಕ ಹಾಕಿ 100 ಮೀಟರಿಗೆ 9.55 ಸೆಕೆಂಡ್ ಅಂದರು. ದೇಶವಿಡೀ ಉಸೇನ್ ಬೋಲ್ಟ್ ಜೊತೆ ಹೋಲಿಸಿತು. ಅಲ್ಲಿ ತಪ್ಪು ಉಲ್ಟಾ ಆಯಿತು: ಓಡಿಸಿದವರನ್ನು ಹಿಡಿದು ಕೋಣಗಳನ್ನೇ ಬಿಟ್ಟುಬಿಟ್ಟರು. ಕೋಣಗಳಿಗೂ ಶ್ರೇಯಸ್ಸು ಸಲ್ಲಬೇಕು ಅಂತ ಗೌಡರೇ ಹೇಳಬೇಕಾಯಿತು. ನಮ್ಮ ವಾದವೂ ಅದೇ. ಕಾರು ಬಿಟ್ಟು ಚಾಲಕ ಬೇಡ, ಚಾಲಕನನ್ನು ಬಿಟ್ಟು ಕಾರೂ ಬೇಡ.

ಇದಕ್ಕೆ ಸಂಘದ ಒಳಗೇ ಮೂರು ಆಕ್ಷೇಪ ಬಂದಿದೆ. ಒಂದು, ಯಂತ್ರಕ್ಕೆ ತನ್ನದೇ ಸೌಂದರ್ಯ ಇದೆ, ಅದನ್ನು ನೋಡಲು ಮನುಷ್ಯ ಯಾಕೆ ಬೇಕು? ಸರಿಯಾದ ಮಾತೇ. ಎಂಜಿನಿನ ಛೇದಚಿತ್ರಕ್ಕೆ ಮನುಷ್ಯ ಬೇಡ, ಬ್ರೇಕ್ ಡ್ರಮ್ಮಿನ ಅಧ್ಯಯನಕ್ಕೂ ಬೇಡ. ಆದರೆ 'ರೇಸ್' ಅಂದ ಮೇಲೆ ಅದು ಒಂದು ಘಟನೆ. ಘಟನೆಯನ್ನು ಮಾಡಿದವರು ಇರಬೇಕು.

ಎರಡು, ನಮಗೆ ಮುಖ ಬಿಡಿಸಲಿಕ್ಕೆ ಬರುವುದಿಲ್ಲ. ಇದು ಪ್ರಾಮಾಣಿಕ ಮಾತು, ಇದನ್ನು ಹೇಳಿದವರ ಮೇಲೆ ನಮಗೆ ಪ್ರೀತಿ. ಹಾಗಾದರೆ ಕೈ ಬಿಡಿಸಿ. ಬೆನ್ನು ಬಿಡಿಸಿ. ಸ್ಟಿಯರಿಂಗಿನ ಮೇಲಿನ ಬೆರಳು, ಪೆಡಲಿನ ಮೇಲಿನ ಸವೆದ ಚಪ್ಪಲಿ ಬಿಡಿಸಿ. ಬಾರದಿದ್ದರೆ ಕೆಟ್ಟದಾಗಿಯೇ ಬಿಡಿಸಿ, ಹಿಂದೆ ಹೆಸರು ಬರೆಯಿರಿ.

ಮೂರು, ಈಗ ಎಐಗೆ ಹೇಳಿದರೆ ಚಾಲಕನ ಸಮೇತ ಕಾರು ಬರುತ್ತದೆ, ಕಷ್ಟ ಯಾಕೆ? ಬರುತ್ತದೆ ಮಾರಾಯ್ರೆ. ಆದರೆ ಅದು ಯಾರ ಮುಖ? ಆ ಮುಖ ಎದ್ದು ನಿಂತು "ಕೈ ಹೀಗೆ ಇರ್ಲಿಲ್ಲ" ಅಂತ ಹೇಳುವುದಿಲ್ಲ. ಚಿತ್ರ ಬಿಡಿಸಬೇಕಾದರೆ ಒಬ್ಬರ ಎದುರು ಎರಡು ಗಂಟೆ ಕೂರಬೇಕು. ಆ ಎರಡು ಗಂಟೆಯಲ್ಲಿ ಅವರು ಮಾತಾಡುತ್ತಾರೆ. ನಮಗೆ ಬೇಕಾದ್ದು ಅದೂ ಹೌದು.

ಬೇಗ ಬೇಕು ಅನ್ನುವುದನ್ನೂ ಹೇಳಬೇಕು. ಹಳೆ ವಾಹನಗಳಿಗೆ ಈಗ ಮನೆ ಸಿಕ್ಕಿದೆ. ಧರ್ಮಸ್ಥಳದಲ್ಲಿ ಹಳೆ ಕಾರುಗಳ ಸಂಗ್ರಹ ಇದೆ, ಶ್ರೀರಂಗಪಟ್ಟಣದ ಹತ್ತಿರ 'ಪಯಣ' ಇದೆ. ಒಳ್ಳೆಯದೇ ಆಯಿತು, ಇಲ್ಲದಿದ್ದರೆ ಎಷ್ಟು ಕಾರು ಗುಜರಿಗೆ ಹೋಗುತ್ತಿತ್ತೋ. ಕಾರಿಗೆ ಬಣ್ಣ ಬಳಿದರೆ ಇನ್ನೂ ನೂರು ವರ್ಷ ಬಾಳಬಹುದು. ಡ್ರೈವರ್ ಅಜ್ಜಂದಿರು ಹಾಗಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲ್ ಸಿಗದೆ ಇದ್ದಿಲ ಗ್ಯಾಸಿನ ಮೇಲೆ ಬಸ್ಸು ಓಡಿಸಿದವರ ಪೈಕಿ ಮಾತಾಡಿಸಲು ಈಗ ಯಾರು ಸಿಗುತ್ತಾರೆ? ಆ ತಲೆಮಾರು ನಮ್ಮ ಕೈ ತಪ್ಪಿತು. ಅರುವತ್ತು-ಎಪ್ಪತ್ತರ ದಶಕದವರು ಇನ್ನೂ ಜಗಲಿಯಲ್ಲಿ ಕೂತಿದ್ದಾರೆ.

ಪೊಳಲಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿಯ ದೇವಿಯ ಮೂರ್ತಿ ಕಲ್ಲಿನದ್ದಲ್ಲ, ಮಣ್ಣಿನದ್ದು. ಕಾಲಕಾಲಕ್ಕೆ ಲೇಪಾಷ್ಟಗಂಧ ಆಗುತ್ತದೆ, ಲೇಪ ಹೊಸದಾಗುತ್ತದೆ. ಮಣ್ಣಿನದ್ದು ಉಳಿಯಬೇಕಾದರೆ ಯಾರಾದರೂ ಸಮಯಕ್ಕೆ ಸರಿಯಾಗಿ ಕೈ ಹಾಕಬೇಕು ಅಂತ ಆ ಊರಿಗೆ ಗೊತ್ತು.

ಆದ್ದರಿಂದ ಮುಂದಿನ ವರ್ಷದ ಸ್ಪರ್ಧೆಗೆ ನಿಯಮ ಬದಲಿಸಬೇಕು ಅಂತ ನಾವು ಸಂಘದ ಸಭೆಯಲ್ಲಿ ಕೇಳಲಿದ್ದೇವೆ. ವಾಹನ ಯಾವುದೂ ಆಗಬಹುದು: ಬುಗಾಟಿ, ಬಸ್ಸು, ಜೀಪು, ಅಂಬಾಸಿಡರ್. ಖಾಲಿ ಸೀಟು ಮಾತ್ರ ಇರಬಾರದು. ಚಿತ್ರದ ಕೆಳಗೆ ಮೂರು ಸಾಲು ಬರೆಯಬೇಕು: ಯಾವ ಗಾಡಿ, ಯಾವ ದಾರಿ, ಓಡಿಸಿದವರು ಯಾರು. ಊರಿನವರನ್ನು ಬಿಡಿಸುವುದಾದರೆ ಅವರ ಒಪ್ಪಿಗೆ ಕೇಳಿ, ಮುಗಿದ ಚಿತ್ರವನ್ನು ಮೊದಲು ಅವರಿಗೇ ತೋರಿಸಬೇಕು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯಿಂದ ದಿನಾ ಬಸ್ಸಲ್ಲಿ ಬರುವ ನಮ್ಮಲ್ಲಿ ಎಷ್ಟು ಜನರ ಮನೆಯಲ್ಲಿ ಒಬ್ಬ ಡ್ರೈವರ್ ಇದ್ದಾರೆ ಅಂತ ಒಮ್ಮೆ ಕೈ ಎತ್ತಿಸಿ ನೋಡಿ.

ಪೊಳಲಿಯ ಹುಡುಗಿಗೆ ಬಹುಮಾನ ಕೊಡುತ್ತೇವೆ ಅಂದದ್ದಕ್ಕೆ ಅವಳು ಬೇಡ ಅಂದಳು. ಚಿತ್ರವನ್ನು ಮಾತ್ರ ಸಂಘದ ಕೋಣೆಗೆ ಕೊಟ್ಟಿದ್ದಾಳೆ, ಕೈ ತಿದ್ದಿ. ಈಗ ಎರಡೂ ಕೈ ಸರಿಯಾದ ಜಾಗದಲ್ಲಿವೆ. ಹಿಂದೆ ನಾವು ಬರೆದ 'ವಿಷಯಕ್ಕೆ ಹೊಂದುವುದಿಲ್ಲ' ಅನ್ನುವ ಸಾಲು ಹಾಗೆಯೇ ಇದೆ. ಅದನ್ನು ಅಳಿಸುವುದು ಬೇಡ ಅಂತ ನಾವೇ ಹೇಳಿದ್ದೇವೆ.